ಸ್ವೀಕೃತಿ ಚೀಟಿಯಾದರೂ ಕೊಡಿ

ನಾನು ಓದುತ್ತಿರುವ ಜರ್ಮನ್ ನಗರದ ವಿದೇಶಿಯರ ಕಚೇರಿಯ ಮುಖ್ಯಸ್ಥರಿಗೆ,



ಜರ್ಮನ್‌ನಲ್ಲಿ ಬರೆದ ನಾಲ್ಕು ಇಮೇಲಿಗೂ ಇಂಗ್ಲಿಷಿನಲ್ಲಿ ಬರೆದ ಎರಡಕ್ಕೂ ನಿಮ್ಮಿಂದ ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಮ್ಮ ಕಡೆಯ ನಾಲ್ಕು ಜನ ಓದುತ್ತಾರೆ. ಈ ವರ್ಷ ಮಕ್ಕಳನ್ನು ನಿಮ್ಮ ದೇಶಕ್ಕೆ ಕಳಿಸಲೆಂದು ಸೂಟ್‌ಕೇಸ್ ಕೊಳ್ಳುತ್ತಿರುವವರೂ ಅವರಲ್ಲಿ ಇದ್ದಾರು.

ನಾನು ಹಾಸನ ಜಿಲ್ಲೆಯವನು. ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಓದಲು 2023ರ ಸೆಪ್ಟೆಂಬರಿನಲ್ಲಿ ಬಂದೆ. ಬರುವ ಮೊದಲೇ ಅಪ್ಪ ಬ್ಲಾಕ್ಡ್ ಅಕೌಂಟಿಗೆ 11,208 ಯೂರೊ ಕಟ್ಟಿದರು. ಆಗಿನ ದರದಲ್ಲಿ ಹತ್ತು ಲಕ್ಷ ರೂಪಾಯಿ. ನಮ್ಮದೇ ದುಡ್ಡು, ಆದರೆ ತಿಂಗಳಿಗೆ 934 ಯೂರೊಗಿಂತ ಹೆಚ್ಚು ತೆಗೆಯುವಂತಿಲ್ಲ. ಆ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಅದಿಲ್ಲದಿದ್ದರೆ ಮೊದಲ ಚಳಿಗಾಲದಲ್ಲೇ ಎಲ್ಲ ಖಾಲಿ ಮಾಡಿಕೊಂಡು ಕೂರುತ್ತಿದ್ದೆನೇನೋ.

ನನ್ನ ನಿವಾಸ ಪರವಾನಗಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯುವುದಿತ್ತು. ಪ್ರೌಢಪ್ರಬಂಧ ಇನ್ನೂ ಬಾಕಿ. ಜುಲೈ 14ಕ್ಕೇ ನಿಮ್ಮ ಜಾಲತಾಣದಲ್ಲಿ ನವೀಕರಣಕ್ಕೆ ಅರ್ಜಿ ಹಾಕಿ, ಕೇಳಿದ ಕಾಗದಗಳನ್ನೆಲ್ಲ ಏರಿಸಿದೆ. ಮರುಗಳಿಗೆಯಲ್ಲೇ ಯಂತ್ರ ಕಳಿಸಿದ ಉತ್ತರ ಬಂತು: 'ನಿಮ್ಮ ಸಂದೇಶ ತಲುಪಿದೆ, ಮತ್ತೆ ಮತ್ತೆ ವಿಚಾರಿಸಬೇಡಿ.' ಅದರಲ್ಲಿ ಅರ್ಜಿಯ ಸಂಖ್ಯೆಯಿಲ್ಲ, ಯಾರ ಮೇಜಿನ ಮೇಲಿದೆ ಎಂಬ ಸುಳಿವೂ ಇಲ್ಲ.

ನಿಮ್ಮ ದೇಶದ ಕಾನೂನು ಇಲ್ಲಿ ನನ್ನ ಪರವಾಗಿಯೇ ಇದೆ. ನಿವಾಸ ಕಾಯ್ದೆಯ 81ನೇ ಕಲಮಿನ ಪ್ರಕಾರ, ಅವಧಿ ಮುಗಿಯುವ ಮೊದಲು ಅರ್ಜಿ ಹಾಕಿದವನ ಹಳೆಯ ಪರವಾನಗಿ ತೀರ್ಮಾನವಾಗುವವರೆಗೂ ಊರ್ಜಿತದಲ್ಲಿರುತ್ತದೆ. ಹಾಗೆಂದು ತೋರಿಸಲು ಒಂದು ತಾತ್ಕಾಲಿಕ ಪತ್ರ ಕೊಡುತ್ತೀರಿ, ಫಿಕ್ಷನ್ಸ್‌ಬೆಶೈನಿಗುಂಗ್. ಈ ಹೆಸರು ಹೇಳಲು ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಅದರ ಶುಲ್ಕ 13 ಯೂರೊ. ಆದರೆ ಆ ಪತ್ರ ಪಡೆಯಲು ಅಪಾಯಿಂಟ್‌ಮೆಂಟ್ ಬೇಕು, ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಅಂದರೆ ಕಾನೂನಿನಂತೆ ನಾನು ಸರಿಯಾಗಿಯೇ ಇದ್ದೇನೆ, ಅದನ್ನು ಯಾರಿಗೂ ತೋರಿಸಲು ಮಾತ್ರ ಆಗದು.

ಅಕ್ಟೋಬರ್ 1ರಂದು ನಾನು ವಾರಕ್ಕೆ 20 ಗಂಟೆ ದುಡಿಯುತ್ತಿದ್ದ ಕಂಪನಿಯ ಎಚ್‌ಆರ್‌ನವರು ಕರೆದು ನಿವಾಸ ಪರವಾನಗಿಯ ಕಾರ್ಡ್ ಕೇಳಿದರು. ಮುಗಿದುಹೋಗಿತ್ತು. ಅರ್ಜಿಯ ಪ್ರತಿ ತೋರಿಸಿದೆ, 81ನೇ ಕಲಮನ್ನೂ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಪಾಪ, ಅವರು ಓದಿಯೂ ನೋಡಿದರು. 'ನೀವು ಹೇಳುವುದು ಸರಿ, ಆದರೆ ನಮ್ಮ ಕಡತದಲ್ಲಿ ಕಾಗದ ಇರಬೇಕು' ಎಂದರು. ಪರವಾನಗಿ ಇಲ್ಲದವನನ್ನು ಕೆಲಸಕ್ಕಿಟ್ಟುಕೊಂಡರೆ ದಂಡ ಬೀಳುವುದು ಅವರಿಗೆ. ಅಲ್ಲಿಗೆ ಕೆಲಸ ನಿಂತಿತು. ನಿಮ್ಮ ತಾತ್ಕಾಲಿಕ ಪತ್ರ ಕೈಗೆ ಬಂದದ್ದು ನವೆಂಬರ್ 24ಕ್ಕೆ. ಗಂಟೆಗೆ 14 ಯೂರೊದಂತೆ ಎಂಟು ವಾರಕ್ಕೆ 2,240 ಯೂರೊ ಹೋಯಿತು.

ಪರವಾನಗಿ ನವೀಕರಿಸಬೇಕಾದರೆ ಮುಂದಿನ ವರ್ಷದ ಖರ್ಚಿಗೂ ಹಣವಿದೆ ಎಂದು ನಾನು ನಿಮಗೆ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ ತಿಂಗಳಿಗೆ 992 ಯೂರೊಗೆ ಏರಿದೆ. ನಾನು ಲಗತ್ತಿಸಿದ್ದು ಸಂಬಳದ ಚೀಟಿಗಳನ್ನು. ನಿಮ್ಮ ವಿಳಂಬದಿಂದ ಸಂಬಳ ನಿಂತಿತು, ಸಂಬಳ ನಿಂತದ್ದರಿಂದ ಚೀಟಿಯೂ ನಿಂತಿತು, ನವೆಂಬರಿನಲ್ಲಿ ನಿಮ್ಮ ಸಿಬ್ಬಂದಿ ಕೇಳಿದ ಮೊದಲ ಪ್ರಶ್ನೆ: 'ಕಳೆದ ಎರಡು ತಿಂಗಳ ಆದಾಯ ಎಲ್ಲಿ?' ಹಗ್ಗ ಬಿಗಿದವರೇ ಕೊರಳಲ್ಲಿ ಗುರುತು ಯಾಕಿದೆ ಎಂದು ಕೇಳಿದ ಹಾಗಾಯಿತು. ಕೊನೆಗೆ ಅಪ್ಪ ಸಾಲಕ್ಕೆಂದು ಮತ್ತೆ ಸಹಕಾರಿ ಸೊಸೈಟಿಗೆ ಹೋದರು.

ನವೆಂಬರ್ ಮೂರನೇ ವಾರ ಅರಸೀಕೆರೆಯಲ್ಲಿ ತಂಗಿಯ ಮದುವೆ. ಹೋಗಿದ್ದರೆ ವಾಪಸು ಬರುವಾಗ ವಿಮಾನ ಹತ್ತಿಸುತ್ತಿರಲಿಲ್ಲ. ತಾತ್ಕಾಲಿಕ ಪತ್ರದಲ್ಲಿ ಮೂರನೆಯ ಚೌಕಕ್ಕೆ ಗುರುತು ಹಾಕಿಸಿಕೊಂಡವರಷ್ಟೇ ದೇಶ ಬಿಟ್ಟು ಮರಳಬಹುದು, ನನ್ನ ಬಳಿ ಪತ್ರವೇ ಇರಲಿಲ್ಲ. ಧಾರೆಯನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಫೋನ್ ಹಿಡಿದಿದ್ದ ಚಿಕ್ಕಪ್ಪನ ಮಗ ಅರ್ಧ ಹೊತ್ತು ಊಟದ ಹಾಲ್ ತೋರಿಸಿದ. ತಾತ ಮಧ್ಯೆ ಬಂದು, 'ಅಷ್ಟು ದೊಡ್ಡ ದೇಶದಾಗೆ ಒಂದು ಸೀಲ್ ಹೊಡ್ಯೋಕೆ ಜನ ಇಲ್ವೇನೋ?' ಎಂದ. ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ನಿಮ್ಮ ದೇಶಕ್ಕೆ ಕೆಲಸ ಬೇಗ ಮಾಡಲು ಬರುವುದಿಲ್ಲ ಎಂದು ಹೇಳಲಾರೆ. ಮನೆ ವಿಳಾಸ ನೋಂದಾಯಿಸಿದ ಕೆಲವೇ ವಾರಕ್ಕೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬಂತು. ಅದರ ಬೆನ್ನಿಗೇ ರೇಡಿಯೋ-ಟಿವಿ ಶುಲ್ಕ ತಿಂಗಳಿಗೆ 18.36 ಯೂರೊ ಕಟ್ಟು ಎಂಬ ಪತ್ರವೂ ಬಂತು. ನನ್ನ ಕೋಣೆಯಲ್ಲಿ ಟಿವಿಯೇ ಇಲ್ಲ. ಇದ್ದರೂ ಇಲ್ಲದಿದ್ದರೂ ಮನೆಗೊಂದರಂತೆ ಕಟ್ಟಬೇಕಂತೆ. ಇರಲಿ. ಸಂಬಳದಲ್ಲಿ ಪಿಂಚಣಿ ವಂತಿಗೆಗೆ ಶೇ. 9.3 ಹಿಡಿಯುವುದು ಒಂದು ತಿಂಗಳೂ ತಪ್ಪಿಲ್ಲ. ಹಾಗೆಂದು ತೆರಿಗೆ ಕಚೇರಿಯ ಮೇಲೆ ನನ್ನ ದೂರಿಲ್ಲ. 2024ರ ಬೇಸಿಗೆ ರಜೆಯಲ್ಲಿ ಪೂರ್ತಿ ಸಮಯ ದುಡಿದಾಗ ವೇತನ ತೆರಿಗೆ ಮುರಿದುಕೊಂಡಿದ್ದರು. ಆ ವರ್ಷದ ತೆರಿಗೆರಹಿತ ಮಿತಿ 11,784 ಯೂರೊ, ನನ್ನದು ಅದರೊಳಗೇ ಇತ್ತು. ರಿಟರ್ನ್ ಹಾಕಿದೆ, ಹಣ ವಾಪಸು ಬಂತು. ಅದೇ ಊರು, ಅದೇ ಸರ್ಕಾರಿ ನೌಕರರು.

ನಾವು ವಿದ್ಯಾರ್ಥಿಗಳು ಮಾತ್ರ ದುಡಿದ ದಿನ ಎಣಿಸುವುದನ್ನು ತಪ್ಪಿಸುವಂತಿಲ್ಲ. ವರ್ಷಕ್ಕೆ 140 ಪೂರ್ತಿ ದಿನ ಇಲ್ಲವೇ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚಿಗೆ ಮೊದಲು 120 ಮತ್ತು 240 ಇತ್ತು. ವಿಮೆಯವರದು ಬೇರೆ ಅಳತೆ, ಪಾಠ ನಡೆಯುವಾಗ ವಾರಕ್ಕೆ 20 ಗಂಟೆ. ಒಬ್ಬರು ಸೇರಿನಲ್ಲಿ ಅಳೆದರೆ ಇನ್ನೊಬ್ಬರು ಪಾವಿನಲ್ಲಿ. ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಬಣ್ಣದ ಪೆನ್ನಿನ ಗುರುತುಗಳಿವೆ. ಲೆಕ್ಕ ತಪ್ಪಿದರೆ ಪರವಾನಗಿಗೇ ಕುತ್ತು.

ನಿಮ್ಮಲ್ಲಿ ಸಿಬ್ಬಂದಿ ಸಾಲದು ಎಂಬುದು ಗೊತ್ತು. ಆದರೆ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆಂದು 2024ರ ಅಕ್ಟೋಬರಿನಲ್ಲಿ ಹೇಳಿದ್ದು ನಿಮ್ಮದೇ ಸರ್ಕಾರ. ನಿಮ್ಮ ವಿಶ್ವವಿದ್ಯಾಲಯಗಳ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತದವರೇ ಎಲ್ಲರಿಗಿಂತ ಹೆಚ್ಚು. ಕರೆದವರು ಎಲೆ ಹಾಕಬೇಕಲ್ಲವೇ? ಮೂರು ತಿಂಗಳು ಉತ್ತರ ಸಿಗದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದೆಂದು ಸ್ನೇಹಿತರು ಹೇಳಿದರು. ಪ್ರಬಂಧ ಬರೆಯಬೇಕಾದವನು ವಕೀಲರನ್ನು ಹುಡುಕುತ್ತ ಅಲೆಯಲೇ?

ನಮ್ಮ ರಾಜ್ಯದಲ್ಲಿ 2012ರಿಂದ 'ಸಕಾಲ' ಎಂಬ ವ್ಯವಸ್ಥೆ ಇದೆ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟರೂ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿ ಸಿಗುತ್ತದೆ, ಎಷ್ಟು ದಿನದೊಳಗೆ ಕೆಲಸವಾಗಬೇಕು ಎಂಬುದೂ ಗೊತ್ತಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಅದನ್ನು ಪಡೆದವರನ್ನು ನಾನು ಕಂಡಿಲ್ಲ, ಆ ಮಾತು ಬೇರೆ. ಆದರೆ ಚೀಟಿಯಂತೂ ಕೈಯಲ್ಲಿರುತ್ತದೆ.

ನಾನು ಕೇಳುವುದೂ ಅಷ್ಟೇ. ಅರ್ಜಿ ಬಂದ ದಿನವೇ, ಯಾರ ಮುಖವನ್ನೂ ನೋಡಬೇಕಾಗಿಲ್ಲದೆ, ಸಂಖ್ಯೆ ಹಾಕಿದ ಒಂದು ಚೀಟಿ ಕಳಿಸಿ. 'ಇವರ ಹಳೆಯ ಪರವಾನಗಿ ಊರ್ಜಿತದಲ್ಲಿದೆ, ಕೆಲಸ ಮಾಡಬಹುದು' ಎಂಬ ಒಂದು ಸಾಲು ಅದರಲ್ಲಿರಲಿ, ನಿಮ್ಮ ಮೊಹರಿರಲಿ. ಆದಾಯ ನೋಡುವಾಗ ನಿಮ್ಮಿಂದ ತಡವಾದ ತಿಂಗಳುಗಳನ್ನು ಬಿಟ್ಟು ನೋಡಿ.

ಈಗ ನನ್ನ ಬಳಿ ಇರುವ ತಾತ್ಕಾಲಿಕ ಪತ್ರದ ಅವಧಿ ಫೆಬ್ರವರಿ 23ಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸಲು ಮೊನ್ನೆ ಅಪಾಯಿಂಟ್‌ಮೆಂಟ್ ಕೇಳಿದೆ. ಸಂದೇಶ ತಲುಪಿದೆಯಂತೆ.

ಇಂತಿ ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ಒಬ್ಬ ವಿದ್ಯಾರ್ಥಿ