ಕೂಸಿಗೊಂದು ಪೌಂಡು

ಶಿಶುರಕ್ಷಣೆಯ ವಿಷಯದಲ್ಲಿ ಇಂಗ್ಲೆಂಡಿನ ಒಂದು ಊರಿನ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡಬಯಸುವೆವು.

1899ರಲ್ಲಿ ಇಂಗ್ಲೆಂಡು ವೇಲ್ಸುಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಿಗೆ 163 ಕೂಸುಗಳು ವರುಷ ತುಂಬುವ ಮೊದಲೇ ಅಸುನೀಗಿದುವು. ಬೇಸಗೆಯ ಭೇದಿಯು ಅದಕ್ಕೊಂದು ಮುಖ್ಯ ಕಾರಣ. ಲಾಯದ ತಿಪ್ಪೆಯಿಂದಲೂ ನೀರಿಲ್ಲದ ಪಾಯಿಖಾನೆಯಿಂದಲೂ ಎದ್ದ ನೊಣವು ಕೂಸಿನ ಹಾಲಿನ ಮೇಲೆ ಕೂರುತ್ತಿದ್ದಿತು.

ಉಣ್ಣೆಯ ಗಿರಣಿಗಳ ಪಟ್ಟಣವಾದ ಹಡರ್ಸ್‌ಫೀಲ್ಡಿಗೆ 1904ರಲ್ಲಿ ಮೇಯರಾದ ಬೆಂಜಮಿನ್ ಬ್ರಾಡ್‌ಬೆಂಟರು, ತಮ್ಮ ಅಧಿಕಾರಕಾಲದಲ್ಲಿ ಲಾಂಗ್‌ವುಡ್ ಭಾಗದಲ್ಲಿ ಹುಟ್ಟಿದ ಪ್ರತಿಯೊಂದು ಕೂಸಿಗೂ ವರುಷ ತುಂಬಿದೊಡನೆ ಒಂದು ಪೌಂಡು ಕೊಡುವುದಾಗಿ ಮಾತುಕೊಟ್ಟರು. ಹಣವೊಂದರಿಂದಲೇ ಜೀವ ಉಳಿದೀತೆ? ತಾಯಿಗೆ ಸಕಾಲದಲ್ಲಿ ತಿಳಿವಳಿಕೆ ದೊರೆಯಬೇಕು. ಆಗಿನ ಕಾನೂನಾದರೋ ಜನನವನ್ನು ಬರೆಸಲು 42 ದಿನಗಳ ಅವಕಾಶವಿತ್ತಿದ್ದಿತು. ಅಷ್ಟರಲ್ಲಿ ಎಷ್ಟೋ ತೊಟ್ಟಿಲುಗಳು ಬರಿದಾಗುತ್ತಿದ್ದುವು. ಆದುದರಿಂದ 48 ಗಂಟೆಗಳೊಳಗೆ ಆರೋಗ್ಯಾಧಿಕಾರಿಗೆ ಸುದ್ದಿ ಮುಟ್ಟಬೇಕೆಂದು 1906ರಲ್ಲಿ ಆ ಊರಿಗೆ ಶಾಸನವಾಯಿತು. ಸುದ್ದಿ ಬಂದೊಡನೆ ಸ್ತ್ರೀಯರು ಮನೆಗೇ ಹೋಗಿ, ಎದೆಹಾಲಿನ ಮೇಲ್ಮೆಯನ್ನೂ ಶುಚಿತ್ವವನ್ನೂ ಬಾಣಂತಿಗೆ ತಿಳಿಸುತ್ತಿದ್ದರು. 1907ರಲ್ಲಿ ಇಂಥದೇ ಕಾನೂನು ಒಪ್ಪಿದ ಊರುಗಳಿಗೂ, 1915ರಲ್ಲಿ ದೇಶಕ್ಕೆಲ್ಲಕ್ಕೂ ಬಂದಿತು.

1910ರ ಹೊತ್ತಿಗೆ ದೇಶದ ಶಿಶುಮರಣವು ಸಾವಿರಕ್ಕೆ 105ಕ್ಕೆ ಇಳಿಯಿತು. ಇದಕ್ಕೆ ಈ ಏರ್ಪಾಡೊಂದೇ ಕಾರಣವೆಂದು ನಾವು ಹೇಳಲಾರೆವು. ಮರುವರುಷದ ಕಡುಬೇಸಗೆಯಲ್ಲಿ ಭೇದಿಯು ಹಬ್ಬಿ, ಅದು ಪುನಃ 130ಕ್ಕೆ ಏರಿತು. ಬೀದಿಯಲ್ಲಿ ತಿಪ್ಪೆಯೂ ನೊಣವೂ ಇರುವವರೆಗೆ ತಾಯಿಯ ಎಚ್ಚರವೊಂದೇ ಸಾಲದು. ಕೂಸು ಸತ್ತ ಮನೆಯಲ್ಲಿ ತಾಯಿಯನ್ನು ದೂರುವ ಮೊದಲು, ಆ ಮನೆಯ ಮುಂದಣ ಚರಂಡಿಯನ್ನು ನೋಡುವುದು ನ್ಯಾಯವೆಂದು ನಮಗೆ ತೋರುತ್ತದೆ.