ಮರಳಿ ಬರುವ ರಕ್ತದ ಮಾತು

ವ್ಯಾಯಾಮದ ಮಹತ್ವವನ್ನು ಕುರಿತು ಮಾತನಾಡುವವರೆಲ್ಲರೂ ಹೃದಯವನ್ನೇ ಹೊಗಳುತ್ತಾರೆ. ಓಡುವಾಗ ಹೃದಯವು ವೇಗವಾಗಿ ಬಡಿಯುತ್ತದೆ, ಮೈಗೆಲ್ಲ ಹೆಚ್ಚು ರಕ್ತವನ್ನು ಹಂಚುತ್ತದೆ, ಹಾಗೆ ದುಡಿದು ತಾನೂ ಬಲಗೊಳ್ಳುತ್ತದೆ ಎಂಬಲ್ಲಿಗೆ ಉಪನ್ಯಾಸ ಮುಗಿಯುತ್ತದೆ. ಇದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಬಾವಿಯಲ್ಲಿ ನೀರಿಲ್ಲದಿದ್ದರೆ ಪಂಪು ಎಷ್ಟು ತಿರುಗಿದರೇನು? ಹೃದಯವು ತನ್ನ ಬಳಿಗೆ ಬಂದ ರಕ್ತವನ್ನು ಮಾತ್ರ ಹೊರಗೆ ತಳ್ಳಬಲ್ಲುದು. ನಡೆಯುವಾಗ, ಓಡುವಾಗ ಆ ರಕ್ತವನ್ನು ತಂದೊಪ್ಪಿಸುವ ಕೆಲಸದ ದೊಡ್ಡ ಪಾಲು ನಡೆಯುವುದು ಎದೆಯಿಂದ ಬಹುದೂರ, ಕಾಲಿನಲ್ಲಿ. ಮಹಾನಗರದ ಬದುಕಿನಲ್ಲಿ ಉಪೇಕ್ಷೆಗೆ ಗುರಿಯಾಗಿರುವುದೂ ಈ ಕಾಲೇ.

ಲೆಕ್ಕವನ್ನೊಮ್ಮೆ ನೋಡಬಹುದು. ವಯಸ್ಕನ ಮೈಯಲ್ಲಿರುವ ರಕ್ತ ಸುಮಾರು 5 ಲೀಟರು. ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷವೊಂದಕ್ಕೆ ಹೊರದೂಡುವುದೂ ಹೆಚ್ಚುಕಡಿಮೆ ಅಷ್ಟೇ. ಬಿರುಸಿನ ಓಟದಲ್ಲಿ ಅದು 20 ಲೀಟರನ್ನು ಮುಟ್ಟುತ್ತದೆ. ಪಳಗಿದ ಓಟಗಾರರಲ್ಲಿ 30ನ್ನು ದಾಟುವುದೂ ಉಂಟು. ಮೈಯೊಳಗಿನ ರಕ್ತ ಮಾತ್ರ ಅದೇ 5 ಲೀಟರು. ಎಂದ ಮೇಲೆ ಅದು ನಿಮಿಷದಲ್ಲಿ ನಾಲ್ಕು ಬಾರಿ ಹೋಗಿ ನಾಲ್ಕು ಬಾರಿ ಮರಳಬೇಕು. ಹೊರಡುವಾಗ ರಕ್ತಕ್ಕೆ ಸರಾಸರಿ 95 ಮಿಲಿಮೀಟರು ಪಾದರಸದಷ್ಟು ಒತ್ತಡವಿರುತ್ತದೆ. ಕೂದಲಿಗಿಂತ ಸಪೂರವಾದ ಲೋಮನಾಳಗಳನ್ನು ದಾಟಿ, ಹಿಂದಿರುಗುವ ದಾರಿಯಾದ ಅಭಿಧಮನಿಗಳನ್ನು ಸೇರುವ ಹೊತ್ತಿಗೆ ಉಳಿಯುವುದು 15ರಷ್ಟು. ಹೃದಯದ ಬಲಭಾಗಕ್ಕೆ ಬಂದು ಬೀಳುವಾಗ ಬಹುಮಟ್ಟಿಗೆ ಸೊನ್ನೆ. ಇಷ್ಟು ಸಣ್ಣ ಬಂಡವಾಳದಲ್ಲಿ, ನಿಂತ ಮನುಷ್ಯನ ಪಾದದಿಂದ ಎದೆಯವರೆಗೆ, ಭೂಮಿಯ ಸೆಳೆತಕ್ಕೆ ಎದುರಾಗಿ ರಕ್ತ ಏರಬೇಕು.

ಇದರ ಗುಟ್ಟಿನ ಮೊದಲ ಎಳೆ ದೊರೆತದ್ದು ಇಟಲಿಯ ಪಾದುವಾ ನಗರದಲ್ಲಿ. ಅಲ್ಲಿನ ಪ್ರಾಧ್ಯಾಪಕ ಫ್ಯಾಬ್ರಿಸಿಯಸ್ 1603ರಲ್ಲಿ ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ವರ್ಣಿಸಿದ. ಕಂಡನಾದರೂ ಅವುಗಳ ಅರ್ಥ ಅವನಿಗೆ ಹೊಳೆಯಲಿಲ್ಲ. ಕೈಕಾಲುಗಳಿಗೆ ರಕ್ತ ರಭಸದಿಂದ ನುಗ್ಗದಂತೆ ತಡೆಯಲು ಅವು ಇವೆಯೆಂದು ಭಾವಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಸರಿಯಾದ ಉತ್ತರ ಕೊಟ್ಟ: ಆ ಬಾಗಿಲುಗಳು ಹೃದಯದ ಕಡೆಗೆ ಮಾತ್ರ ತೆರೆಯುತ್ತವೆ. ಮೊಣಕೈಯ ಮೇಲೆ ಬಟ್ಟೆ ಬಿಗಿದಾಗ ಉಬ್ಬುವ ನರವನ್ನು (ಜನ ಇದನ್ನು ನರವೆಂದರೂ ಅದು ಅಭಿಧಮನಿಯೇ) ಒಂದು ಬೆರಳಿನಿಂದ ಒತ್ತಿಹಿಡಿದು, ಇನ್ನೊಂದು ಬೆರಳಿನಿಂದ ಮೇಲಕ್ಕೆ ತೀಡಿ ಬರಿದು ಮಾಡಿದರೆ, ಮೇಲಿನ ರಕ್ತ ಕವಾಟವನ್ನು ದಾಟಿ ಕೆಳಗಿಳಿಯುವುದಿಲ್ಲ. ನಾಲ್ಕು ಶತಮಾನಗಳ ಹಿಂದಿನ ಈ ಪ್ರಯೋಗಕ್ಕೆ ಇಂದಿಗೂ ಬೇರೆ ಉಪಕರಣ ಬೇಡ.

ಕವಾಟವಿದ್ದ ಮಾತ್ರಕ್ಕೆ ರಕ್ತ ಏರದು, ಹಿಂಡುವವರು ಬೇಕು. ಹಿಂಡುವುದು ಮೀನಖಂಡ, ಅಂದರೆ ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಸ್ನಾಯು. ಹೆಜ್ಜೆಯಿಟ್ಟಾಗ ಅದು ಬಿಗಿದುಕೊಂಡು ತನ್ನೊಳಗಿನ ಅಭಿಧಮನಿಗಳನ್ನು ಒತ್ತುತ್ತದೆ. ಕೆಳಗಿನ ಬಾಗಿಲು ಮುಚ್ಚಿರುವುದರಿಂದ ರಕ್ತ ಮೇಲಕ್ಕೇ ಹೋಗಬೇಕು. ಸ್ನಾಯು ಸಡಿಲಿದಾಗ ಬರಿದಾದ ನಾಳಗಳು ಕೆಳಗಿನಿಂದಲೂ ಚರ್ಮದ ಕಡೆಯಿಂದಲೂ ಮತ್ತೆ ತುಂಬಿಕೊಳ್ಳುತ್ತವೆ. ಅಲುಗಾಡದೆ ನಿಂತವನ ಪಾದದ ಅಭಿಧಮನಿಯಲ್ಲಿ 90 ಮಿಲಿಮೀಟರಿನಷ್ಟಿರುವ ಒತ್ತಡ, ಅವನು ಕೆಲವು ಹೆಜ್ಜೆ ನಡೆದರೆ 30ಕ್ಕೂ ಕೆಳಗಿಳಿಯುತ್ತದೆ. ಮೀನಖಂಡಕ್ಕೆ ಎರಡನೆಯ ಹೃದಯವೆಂಬ ಹೆಸರು ಸುಮ್ಮನೆ ಬಂದುದಲ್ಲ. ಉಸಿರಿನ ನೆರವೂ ಇದೆ: ಉಸಿರೆಳೆದಾಗ ವಪೆಯು ಕೆಳಗಿಳಿದು ಹೊಟ್ಟೆಯನ್ನು ಒತ್ತುತ್ತದೆ, ಎದೆಯೊಳಗಿನ ಒತ್ತಡ ತಗ್ಗುತ್ತದೆ, ರಕ್ತ ಮೇಲಕ್ಕೆ ಸೆಳೆಯಲ್ಪಡುತ್ತದೆ. ಹೀಗೆ ಹೆಚ್ಚಾಗಿ ಬಂದ ರಕ್ತದಿಂದ ಹಿಗ್ಗಿದ ಹೃದಯ, ಹಿಗ್ಗಿದಷ್ಟೂ ಬಲವಾಗಿ ಸಂಕುಚಿಸುತ್ತದೆ.

ಹೃದಯ ಎಷ್ಟು ದುಡಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮರಳಿ ಬರುವ ರಕ್ತವೇ ಎಂದು ಸಾಧಿಸಿದವನು ಅಮೆರಿಕದ ಆರ್ಥರ್ ಗೈಟನ್. ಶಸ್ತ್ರವೈದ್ಯನಾಗಹೊರಟಿದ್ದ ಆತ 1946ರಲ್ಲಿ ಪೋಲಿಯೋಗೆ ತುತ್ತಾಗಿ ಕೈಕಾಲುಗಳಲ್ಲಿ ಬಲಗುಂದಿದವನು. ಕಾಲಿನ ಬೆಲೆಯನ್ನು ಲೋಕಕ್ಕೆ ತಿಳಿಸಲು ಅವನಿಗಿಂತ ಯೋಗ್ಯರು ಯಾರಿದ್ದಾರು!

ಈ ತಿಳಿವಳಿಕೆಯಿಂದ ಮುಂಬಯಿಯ ಕನ್ನಡಿಗರಿಗೆ ಆಗಬೇಕಾದ ಪ್ರಯೋಜನ ಇನ್ನೂ ಆಗಿಲ್ಲ. ಉಡುಪಿ ಹೋಟೆಲುಗಳನ್ನೇ ನೋಡಬೇಕು. ಮೇಜಿನಿಂದ ಮೇಜಿಗೆ ಓಡಾಡುವ ಮಾಣಿಯ ಕಷ್ಟ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಆ ಓಡಾಟದಲ್ಲಿ ಅವನ ಮೀನಖಂಡವಾದರೂ ಕೆಲಸ ಮಾಡುತ್ತಿರುತ್ತದೆ. ಹೆಚ್ಚಿನ ಅಪಾಯವಿರುವುದು ದೋಸೆಯ ಕಾವಲಿಯ ಮುಂದೆ, ಬೆಂಕಿಯ ಝಳದಲ್ಲಿ, ಒಂದೇ ಮೊಳ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲುವ ಭಟ್ಟರಿಗೆ. ನಿಂತ ರಕ್ತದ ಭಾರಕ್ಕೆ ಅಭಿಧಮನಿ ಹಿಗ್ಗುತ್ತದೆ, ಕವಾಟಗಳು ಒಂದನ್ನೊಂದು ಮುಟ್ಟದಾಗುತ್ತವೆ, ಕಾಲಿನ ಮೇಲೆ ಹಾವಿನಂತೆ ಸುತ್ತಿಕೊಂಡ ನೀಲಿ ಗಂಟುಗಳು ಏಳುತ್ತವೆ. ಸಂಜೆಗೆ ಹರಡು ಬಾಯುತ್ತದೆ. ವರ್ಷಗಳು ಕಳೆದಂತೆ ಚರ್ಮ ಕಪ್ಪಾಗಿ, ಮಾಯದ ಹುಣ್ಣಾಗುವುದೂ ಉಂಟು. ವಂಶದ ಪಾಲೂ ಇದರಲ್ಲಿದೆ ಎಂಬುದು ನಿಜ. ಅದನ್ನು ನೆಪವಾಗಿಸಿ ಸುಮ್ಮನಿರುವುದು ನ್ಯಾಯವಲ್ಲ. ಒಂದು ಎತ್ತರದ ಸ್ಟೂಲು, ಗಂಟೆಗೊಮ್ಮೆ ಐದು ನಿಮಿಷದ ನಡಿಗೆ, ಕಾವಲಿಯವನಿಗೂ ಬಡಿಸುವವನಿಗೂ ಸರದಿಯ ಬದಲಾವಣೆ: ಇವುಗಳಿಗೆ ಮಾಲೀಕರ ಗಲ್ಲಾಪೆಟ್ಟಿಗೆಯಿಂದ ಹೆಚ್ಚೇನೂ ಹೋಗದು. ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆ ತಪ್ಪದೆ ನಡೆಯುತ್ತದೆ. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಸಿ ನೋಡುವುದು ಅಪರೂಪ. ಹೋಟೆಲು ಕಾರ್ಮಿಕರು ಸಾಲಾಗಿ ಬರುವ ಶಿಬಿರದಲ್ಲಿ ಇದು ಸಣ್ಣ ಲೋಪವಲ್ಲ.

ಕಚೇರಿಯ ಗುಮಾಸ್ತರೂ ಪಾರಾದವರಲ್ಲ. ಲೋಕಲ್ ರೈಲಿನ ಜಂಗುಳಿಯಲ್ಲಿ ಹೆಜ್ಜೆ ತೆಗೆಯಲು ಜಾಗವಿಲ್ಲದಿದ್ದರೂ ಹಿಮ್ಮಡಿಯೆತ್ತಿ ಇಳಿಸಲು ಯಾರ ಅಡ್ಡಿಯೂ ಇಲ್ಲ. ರಜೆಯಲ್ಲಿ ಊರಿಗೆ ಹೋಗುವ ರಾತ್ರಿಯ ಬಸ್ಸಿನಲ್ಲಿಯೂ ಅಷ್ಟೆ. ಇಂಥ ಪ್ರಯಾಣದ ಬಳಿಕ ಒಂದೇ ಕಾಲಿನ ಮೀನಖಂಡ ಬಾತು ನೋಯತೊಡಗಿದರೆ ಎಣ್ಣೆ ತಿಕ್ಕುತ್ತ ಕುಳಿತಿರದೆ, ರಕ್ತ ಹೆಪ್ಪುಗಟ್ಟಿರಬಹುದೆಂದು ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಇನ್ನು ಸಂಘಗಳ ವಾರ್ಷಿಕ ಕ್ರೀಡಾಕೂಟದ ಮಾತು. ವರ್ಷವಿಡೀ ಕುರ್ಚಿ ಬಿಡದ ಐವತ್ತರ ಗೃಹಸ್ಥರು ಅಂದು ಚಪ್ಪಾಳೆಯ ಹುರುಪಿನಲ್ಲಿ ಓಡುತ್ತಾರೆ, ಗೆರೆ ದಾಟಿದೊಡನೆ ಕಂಬದಂತೆ ನಿಂತುಬಿಡುತ್ತಾರೆ. ಕಾಲಿನ ಸ್ನಾಯುಗಳ ರಕ್ತನಾಳಗಳು ಆಗ ಅಗಲವಾಗಿ ತೆರೆದಿರುತ್ತವೆ; ಹಿಂಡುವ ಸ್ನಾಯು ಥಟ್ಟನೆ ಸುಮ್ಮನಾದರೆ ರಕ್ತ ಕಾಲಿನಲ್ಲೇ ತಂಗುತ್ತದೆ. ಹೃದಯಕ್ಕೆ ಬರುವುದು ಕಡಿಮೆಯಾಗಿ ಮಿದುಳಿಗೆ ಹೋಗುವುದೂ ಕಡಿಮೆಯಾಗುತ್ತದೆ, ಕಣ್ಣು ಕತ್ತಲಿಡುತ್ತದೆ. ಹೃದಯದ ರಕ್ತನಾಳಗಳಲ್ಲಿ ಮೊದಲೇ ದೋಷವಿರುವವರಿಗೆ ಈ ಕ್ಷಣ ಇನ್ನೂ ಕೆಡುಕಿನದು. ತಲೆಸುತ್ತಿ ಬಿದ್ದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸುವ ಪ್ರೀತಿ ಅನಾಹುತಕಾರಿ. ನೆಲದ ಮೇಲೆ ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿದರೆ ರಕ್ತ ತಾನಾಗಿ ಎದೆಗೆ ಮರಳುತ್ತದೆ. ಆಗಲೂ ಎಚ್ಚರವಾಗದಿದ್ದರೆ, ಅಥವಾ ಎದೆನೋವು ಕಾಣಿಸಿದರೆ, ಅದು ಬರಿಯ ಸುಸ್ತಲ್ಲವೆಂದು ತಿಳಿದು ಒಡನೆ ಆಸ್ಪತ್ರೆಗೆ ಸಾಗಿಸಬೇಕು.

ಓಡಿದವರು ಗೆರೆ ದಾಟಿದ ಮೇಲೂ ಐದಾರು ನಿಮಿಷ ನಿಧಾನವಾಗಿ ನಡೆಯುವಂತೆ ಮಾಡಲು ಭಾಷಣವೇನೂ ಬೇಕಿಲ್ಲ. ಪಾನಕದ ಮೇಜನ್ನು ಗೆರೆಯ ಪಕ್ಕದಿಂದ ತೆಗೆದು ಮೈದಾನದ ಆಚೆಯ ತುದಿಯಲ್ಲಿ ಇಟ್ಟರಾಯಿತು.