ತೋಟದ ಬೇಲಿ ಮತ್ತು ಕೀಟದ ಹಾದಿ

ಕೀಟವನ್ನು ತಂದು ತೋಟಕ್ಕೆ ಬಿಡುವುದೆಂದರೆ ಅರಸೀಕೆರೆ ಸೀಮೆಯ ತೆಂಗು ಬೆಳೆಗಾರರಿಗೆ ಹೊಸ ಮಾತಲ್ಲ. ಗರಿಗಳ ಹಸಿರನ್ನು ಕೆರೆದು ತಿನ್ನುವ ಕಪ್ಪುತಲೆ ಹುಳುವಿನ ಮೇಲೆ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ಬಿಡುವ ಕ್ರಮವನ್ನು ಅವರು ಬಲ್ಲರು. ಆದರೆ ಒಂದು ಕೀಟವನ್ನು ಅದೇ ಜಾತಿಯ ಕೀಟದಿಂದಲೇ ಅಡಗಿಸಬಹುದೆಂದರೆ ಅನೇಕರು ನಂಬಲಾರರು.

ಈ ಉಪಾಯದ ತತ್ತ್ವವು ಸರಳವಾದುದು. ಪ್ರಯೋಗಶಾಲೆಯಲ್ಲಿ ಸಾಕಿದ ಗಂಡು ಕೀಟಗಳನ್ನು ಗಾಮಾ ಕಿರಣ ಅಥವಾ ಕ್ಷಕಿರಣಗಳಿಗೆ ಒಡ್ಡಿ ಹೊರಗೆ ಬಿಡುತ್ತಾರೆ. ಅವು ಹೆಣ್ಣಿನೊಡನೆ ಕೂಡಬಲ್ಲವು. ಸಂತಾನವನ್ನು ಮಾತ್ರ ಕೊಡಲಾರವು. ಒಂದು ಸಹಜ ಗಂಡಿಗೆ ಒಂಬತ್ತು ನಿರ್ವೀರ್ಯ ಗಂಡುಗಳಿದ್ದು, ಎಲ್ಲವೂ ಸಮಬಲವಾಗಿ ಸ್ಪರ್ಧಿಸಿದರೆ, ಹತ್ತು ಕೂಟಗಳಲ್ಲಿ ಒಂಬತ್ತು ವ್ಯರ್ಥವಾಗುತ್ತವೆ. ಕೀಟದ ಪೀಳಿಗೆ ಕುಗ್ಗಿದಂತೆಲ್ಲ ಅಷ್ಟೇ ಗಂಡುಗಳ ಪ್ರಭಾವ ಮತ್ತಷ್ಟು ಹೆಚ್ಚುತ್ತದೆ. ಅಮೆರಿಕದ ನಿಪ್ಲಿಂಗ್ ಅವರ ಈ ಲೆಕ್ಕವು 1954ರಲ್ಲಿ ಕುರಸಾವೊ ದ್ವೀಪದಲ್ಲಿ ಸತ್ಯವಾಯಿತು. ಜಾನುವಾರುಗಳ ಗಾಯದಲ್ಲಿ ಬೆಳೆಯುವ ಸ್ಕ್ರೂವರ್ಮ್ ನೊಣವು ಅಲ್ಲಿ ಅಳಿಯಿತು. ಜಪಾನು 1993ರ ವೇಳೆಗೆ ಒಕಿನಾವಾ ದ್ವೀಪಗಳಿಂದ ಸೌತೆ, ಹಾಗಲಗಳನ್ನು ಕೆಡಿಸುವ ನೊಣವನ್ನು ಹೀಗೆಯೇ ತೊಲಗಿಸಿತು.

ನಮ್ಮ ತೆಂಗಿಗೂ ಇದು ಒದಗೀತೆ? ಕಾಂಡವನ್ನು ಒಳಗಿನಿಂದ ಕೊರೆಯುವ ಕೆಂಪುಮೂತಿ ಹುಳುವಿನ ಗಂಡುಗಳನ್ನು ನಿರ್ವೀರ್ಯಗೊಳಿಸುವ ಪ್ರಯೋಗಗಳನ್ನು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1970ರ ದಶಕದಲ್ಲಿಯೇ ನಡೆಸಿದರು. ಆದರೆ ತೊಡಕುಗಳುಂಟು. ಈ ಜಾತಿಯ ಹೆಣ್ಣು ಹಲವು ಬಾರಿ ಕೂಡುತ್ತದೆ. ಅವುಗಳಲ್ಲಿ ಒಂದು ಕೂಟ ಸಫಲವಾದರೂ ಸಂತಾನ ಮುಂದುವರಿಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಸೀಮೆಯು ದ್ವೀಪವಲ್ಲ. ಮೆಕ್ಸಿಕೋ ದೇಶದಿಂದ ತೊಲಗಿದ್ದ ಸ್ಕ್ರೂವರ್ಮ್ 2024ರಲ್ಲಿ ದಕ್ಷಿಣದಿಂದ ಮತ್ತೆ ಒಳನುಗ್ಗಿತು. ಒಂದು ದೇಶಕ್ಕೇ ಹೀಗಾದರೆ, ಒಂದು ತೋಟದ ಪಾಡೇನು? ನಾವು ಸಾವಿರ ಗಂಡುಗಳನ್ನು ಬಿಟ್ಟರೂ, ನೆರೆಯ ತೋಟದಲ್ಲಿ ಕೂಡಿ ಹಾರಿಬಂದ ಒಂದು ಹೆಣ್ಣು ನಮ್ಮ ಲೆಕ್ಕವನ್ನೆಲ್ಲ ಕೆಡಿಸುತ್ತದೆ.

ಅರಸೀಕೆರೆಯಿಂದ ಹಳೇಬೀಡನ್ನು ಹಾದು ಬೇಲೂರಿನತ್ತ ಬಂದರೆ, ಕಾಫಿ ತೋಟಗಳಲ್ಲಿಯೂ ಇದೇ ಪಾಠ ದೊರೆಯುತ್ತದೆ. ಅರಾಬಿಕಾ ಗಿಡಗಳ ವೈರಿಯಾದ ಬಿಳಿ ಕಾಂಡಕೊರಕಕ್ಕೆ ಮುಖ್ಯ ಪರಿಹಾರವೆಂದರೆ, ದುಂಬಿಗಳು ಹೊರಬೀಳುವ ಮೊದಲೇ ಹುಳು ಹಿಡಿದ ಗಿಡವನ್ನು ಕಿತ್ತು ಸುಡುವುದು. ಒಬ್ಬನು ಕಿತ್ತು, ನೆರೆಯವನು ಉಳಿಸಿಕೊಂಡರೆ ಕಿತ್ತವನ ಶ್ರಮ ಮಣ್ಣುಪಾಲು.

ಆದುದರಿಂದ ನಿರ್ವೀರ್ಯ ಗಂಡುಗಳ ಉಪಾಯವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಕೀಟವು ವಿರಳವಾದೆಡೆಯಲ್ಲಿ, ವಿಸ್ತಾರವಾದ ಪ್ರದೇಶದಲ್ಲಿ ಒಮ್ಮೆಗೇ ನಡೆದರೆ ಫಲಿಸುವಂಥದು. ಅದಕ್ಕೆ ಮೊದಲು ಊರಿಗೆ ಊರೇ ಒಂದು ತೋಟವೆಂಬಂತೆ ನಡೆಯಬೇಕು: ಹುಳು ಹೊಕ್ಕು ಸಾಯುತ್ತಿರುವ ಮರಗಳನ್ನು ಕಡಿದು ಸುಡಬೇಕು, ವಾಸನೆಯಿಂದ ಹುಳುಗಳನ್ನು ಸೆಳೆಯುವ ಬಲೆಗಳನ್ನು ಎಲ್ಲರೂ ಒಂದೇ ಕಾಲದಲ್ಲಿ ಇಡಬೇಕು. ಬಡ ಬೆಳೆಗಾರನಿಗೆ ಸತ್ತ ಮರವನ್ನು ಕಡಿಸುವುದೂ ಹೊರೆಯೇ. ಫಲವಿಲ್ಲದ ಮರಕ್ಕೆ ಹಣ ಸುರಿಯಲು ಅವನು ಹಿಂಜರಿದರೆ ತಪ್ಪೆನ್ನಲಾಗದು. ಆ ವೆಚ್ಚವನ್ನು ಸರ್ಕಾರವು ವಹಿಸಿಕೊಳ್ಳಬೇಕು. ಅದು ಅವನಿಗೆ ಮಾಡುವ ದಾನವಲ್ಲ, ಅವನ ನೆರೆಹೊರೆಯ ಮರಗಳ ರಕ್ಷಣೆ.

ಬೇಲಿಯು ಒಡೆತನವನ್ನು ತೋರಿಸೀತೇ ಹೊರತು ಕೀಟವನ್ನು ತಡೆಯಲಾರದು. ಇಷ್ಟನ್ನು ನಾವು ಒಪ್ಪಿದ ದಿನ, ಪ್ರಯೋಗಶಾಲೆಯ ಗಂಡು ಕೀಟಕ್ಕೂ ನಮ್ಮ ಸೀಮೆಯಲ್ಲಿ ಕೆಲಸ ದೊರೆತೀತು.